ಅದು ಆ ಹಾಕಿ ಅಲ್ಲ, ಐಸ್ ಹಾಕಿ

ಸಂಪಾದಕರೇ,

ಭಾನುವಾರದ ಕ್ರೀಡಾ ಪುಟದ ಕೆಳಮೂಲೆಯಲ್ಲಿ ನೀವು ಹಾಕಿದ ನಾಲ್ಕು ಸಾಲಿನ ಸುದ್ದಿ ಓದಿದೆ. ‘ಹಾಕಿ: ಭಾರತದ ವನಿತೆಯರಿಗೆ ಕಂಚು’ ಅಂತ ತಲೆಬರಹ. ಪಕ್ಕದಲ್ಲಿ ಟರ್ಫ್ ಮೇಲೆ ಓಡುತ್ತಿರುವ ಆಟಗಾರ್ತಿಯರ ಫೋಟೊ. ಆ ಫೋಟೊದಲ್ಲಿರುವ ಒಬ್ಬರೂ ಈ ಟೂರ್ನಿ ಆಡಿಲ್ಲ! ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಕಂಚು ಗೆದ್ದದ್ದು ನಮ್ಮ ಐಸ್ ಹಾಕಿ ಹುಡುಗಿಯರು. ಐಸ್ ಮೇಲೆ ಜಾರಲು ಕಾಲಿಗೆ ಸ್ಕೇಟ್ ಕಟ್ಟಿ, ತಲೆಗೆ ಹೆಲ್ಮೆಟ್ ಹಾಕಿ, ಚೆಂಡಿನ ಬದಲು ರಬ್ಬರಿನ ಪಕ್ ಹೊಡೆಯುವ ಆಟ ಅದು. ಒಂದು ಸಲಕ್ಕೆ ಒಂದು ತಂಡದಿಂದ ಗೋಲ್‌ಕೀಪರ್ ಸೇರಿ ಆರೇ ಜನ. ಫೋಟೊ ಹಾಕುವ ಮುಂಚೆ ಒಂದು ಸಲ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲವೇ?

ಆ ವಾರ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ಆ ಸುದ್ದಿಗೆ ಎಷ್ಟು ಪುಟ ಕೊಟ್ಟರೂ ಕಡಿಮೆಯೇ. ಜಾಗದ ಬಗ್ಗೆ ನನ್ನ ತಕರಾರಿಲ್ಲ. ನಾಲ್ಕೇ ಸಾಲು ಇರಲಿ, ಆ ನಾಲ್ಕು ಸಾಲು ಸರಿಯಾಗಿ ಇರಬೇಕು ಅಲ್ವಾ?

ನನ್ನ ಮಗಳಿಗೆ ಹನ್ನೆರಡು ವರ್ಷ. ಚಕ್ರದ ಸ್ಕೇಟ್ ಕಟ್ಟಿ ಆಡುವ ರೋಲರ್ ಹಾಕಿ ಆಡುತ್ತಾಳೆ. ಮೇ 31ಕ್ಕೆ ಟೂರ್ನಿ ಶುರುವಾದಾಗಿನಿಂದ ದಿನಾ ರಾತ್ರಿ ನನ್ನ ಫೋನ್ ಹಿಡಿದು ಸ್ಕೋರ್ ಹುಡುಕುತ್ತಿದ್ದಳು. ಶನಿವಾರದ ಪತ್ರಿಕೆಯಲ್ಲಿ ಏನೂ ಇರಲಿಲ್ಲ. ಭಾನುವಾರ ಮಳೆ, ಪೇಪರ್ ಹುಡುಗ ಬರಲೇ ಇಲ್ಲ. ಸ್ಕೂಟರ್ ತೆಗೆದುಕೊಂಡು ನೆನೆಯುತ್ತಾ ಹೋದೆ. ಎರಡು ಅಂಗಡಿಯಲ್ಲಿ ಖಾಲಿ. ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಪ್ರತಿ ಸಿಕ್ಕಿತು. ಮನೆಯಲ್ಲಿ ಅವಳು ಕತ್ತರಿ, ಗೋಂದು ಇಟ್ಟುಕೊಂಡು ಕಾಯುತ್ತಿದ್ದಳು. ಪುಟ ತೆರೆದು, ‘ಅಮ್ಮಾ, ಇವರು ಅವರಲ್ಲ’ ಅಂದಳು. ಆದರೂ ಅದನ್ನೇ ಕತ್ತರಿಸಿ ಸೋಮವಾರ ಶಾಲೆಗೆ ಒಯ್ದಳು. ಪಿ.ಟಿ. ಮಾಸ್ಟರು ‘ಹಾಕಿ ಅಂದ್ರೆ ಹಾಕಿನೇ, ಸುಮ್ನೆ ಕೂತ್ಕೋ’ ಅಂದರಂತೆ. ಪೇಪರಿನಲ್ಲೇ ಹಾಗೆ ಬಂದ ಮೇಲೆ ಮಗು ಏನು ವಾದ ಮಾಡಬೇಕು? ಅಳುತ್ತಾ ಮನೆಗೆ ಬಂದಳು. ನಿಮ್ಮ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಒಬ್ಬರು ‘ಏಜೆನ್ಸಿಯಿಂದ ಬಂದದ್ದು ಮೇಡಂ’ ಅಂತ ಹೇಳಿ ಇಟ್ಟುಬಿಟ್ಟರು.

ಈ ಹುಡುಗಿಯರು ಯಾರು ಅಂತ ನೀವೇ ಬರೆಯಬೇಕಿತ್ತು. ಹೆಚ್ಚಿನವರು ಲಡಾಖಿನವರು. ಚಳಿಗಾಲದಲ್ಲಿ ಕೊಳದ ನೀರು ಗಟ್ಟಿಯಾದರೆ ಮಾತ್ರ ಅಲ್ಲಿ ಅಭ್ಯಾಸ ನಡೆಯುತ್ತಿತ್ತು. ಅದೂ ಎರಡು, ಎರಡೂವರೆ ತಿಂಗಳು. ಮೊದಮೊದಲು ಗೋಲ್‌ಕೀಪರ್ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ನಿಲ್ಲುತ್ತಿದ್ದರು. 2016ರಲ್ಲಿ ತೈವಾನ್‌ನ ತೈಪೆಗೆ ಹೋಗಿ ಮೊದಲ ಸಲ ಬೇರೆ ದೇಶಗಳ ಜೊತೆ ಆಡಿದರು, ಸೋತರು. ಮರುವರ್ಷ ಬ್ಯಾಂಕಾಕ್‌ಗೆ ಹೋಗಲು ದುಡ್ಡಿಲ್ಲದೆ ಜನರ ಹತ್ತಿರ ಆನ್‌ಲೈನ್‌ನಲ್ಲಿ ಚಂದಾ ಎತ್ತಿದರು. ದೇಶದ ಜೆರ್ಸಿ ಹಾಕುವವರು ಚಂದಾ ಎತ್ತಬೇಕಾಯಿತು! ಅಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಲ್ಲಿ ಸೋಲಿಸಿದರು. ಅದೇ ಅವರ ಮೊದಲ ಗೆಲುವು. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ದೊಡ್ಡ ಐಸ್ ರಿಂಕ್, ಅಂದರೆ ಐಸ್ ಮೇಲೆ ಆಡುವ ಅಂಗಳ ಕಟ್ಟಿದರು. ಕೂಟ ಮುಗಿದ ಮೇಲೆ ವರ್ಷಗಟ್ಟಲೆ ಬೀಗ. ಐಸ್ ಕರಗದಂತೆ ಇಡಲು ಕರೆಂಟ್ ಖರ್ಚು ಜಾಸ್ತಿಯಂತೆ. ಕಟ್ಟುವಾಗ ಅದು ಗೊತ್ತಿರಲಿಲ್ಲವೇ?

ಬೀಗದ ಮಾತು ಬಂದಾಗ ನಮ್ಮ ಬಡಾವಣೆಯ ಸ್ಕೇಟಿಂಗ್ ರಿಂಕ್ ನೆನಪಾಗುತ್ತದೆ. ಅದರ ಕಥೆ ನಿಮ್ಮ ಓದುಗರಿಗೆ ಗೊತ್ತೇ ಇದೆ. ಉದ್ಘಾಟನೆಗೆ ಎಲ್ಲರೂ ಬಂದರು. ಆರು ತಿಂಗಳಿಗೆ ನೆಲ ಬಿರುಕು ಬಿಟ್ಟಿತು. ಆಮೇಲೆ ಯಾವುದೋ ಮೇಳಕ್ಕೆ ಪೆಂಡಾಲ್ ಹಾಕಿಸಿ ಮೊಳೆ ಅಲ್ಲೇ ಬಿಟ್ಟು ಹೋದರು. ಒಬ್ಬ ಹುಡುಗ ಬಿದ್ದು ಮೊಣಕಾಲಿಗೆ ಐದು ಹೊಲಿಗೆ ಬಿತ್ತು. ಮೂರು ಅರ್ಜಿ ಕೊಟ್ಟೆ. ‘ಮುಂದಿನ ಬಜೆಟ್‌ನಲ್ಲಿ ನೋಡೋಣ’ ಅಂದ ಅಧಿಕಾರಿ ವರ್ಗವಾಗಿ ಹೋದರು. ಹೊಸಬರು ಅರ್ಜಿಯೇ ಸಿಗುತ್ತಿಲ್ಲ ಅನ್ನುತ್ತಾರೆ. ರಿಂಕ್ ಮುಂದಿನ ಬೀದಿ ದೀಪ ಕೆಟ್ಟು ವರ್ಷವಾಯಿತು. ಮಕ್ಕಳನ್ನು ಸಂಜೆ ಒಬ್ಬರೇ ಕಳಿಸುವ ಹಾಗಿಲ್ಲ. ಕೇಳಿದರೆ ಅದು ಬೇರೆ ಇಲಾಖೆಯಂತೆ.

‘ನಮ್ಮ ಕಡೆ ಹಿಮ ಎಲ್ಲಿದೆ, ಇದೆಲ್ಲ ಯಾಕೆ’ ಅಂತ ಯಾರೂ ಹೇಳಬೇಡಿ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮದ ಮೇಲೆ ಸ್ಕೀಯಿಂಗ್ ಮಾಡಿ ದೇಶಕ್ಕೆ ಆಡುತ್ತಿದ್ದಾರೆ. ಕೊಡಗಿನಲ್ಲಿ ಹಿಮ ಬೀಳುತ್ತದೆಯೇ?

ಸರಿಯಾದ ಫೋಟೊ ಹಾಕಿ, ತಪ್ಪಾಯಿತು ಅಂತ ಬರೆಯಿರಿ. ಆ ರಿಂಕಿನ ಮೊಳೆ ತೆಗೆಸಲು ಸಂಬಂಧಪಟ್ಟವರಿಗೂ ನಾಲ್ಕು ಮಾತು ಹೇಳಿ. ಯಾರು ಸಂಬಂಧಪಟ್ಟವರು ಅಂತ ನನಗಂತೂ ಇನ್ನೂ ಯಾರೂ ಹೇಳಿಲ್ಲ. ಸಂಬಳ ತಗೊಂಡು ಕೂತವರು ಇಷ್ಟು ಜನ ಇದ್ದೀರಿ, ಕಂಚು ಗೆದ್ದು ಬಂದ ಮಕ್ಕಳ ಮುಖ ಒಬ್ಬರಿಗಾದರೂ ಗೊತ್ತಿರಬೇಡವೇ?

– ಒಬ್ಬ ತಾಯಿ, ಮೈಸೂರು