ನೇತ್ರಾಣಿಗೆ ಹೊರಡುವ ಹಾಯಿದೋಣಿಯ ವಿವರ ದಡದಲ್ಲಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಕಡಲು ತಣ್ಣಗಾಗುತ್ತಿದ್ದಂತೆ ಸಣ್ಣ ಹಾಯಿದೋಣಿ ನಡೆಸುವ ಹವ್ಯಾಸವುಳ್ಳ ಯುವಕ ಯುವತಿಯರು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿಬರುವ ಯೋಚನೆ ಮಾಡುವುದುಂಟು. ಎಂಜಿನ್ನಿನ ಸದ್ದಿಲ್ಲದೆ ಗಾಳಿಯ ಬಲದಿಂದಲೇ ದ್ವೀಪ ಮುಟ್ಟುವ ಆಸೆ ಬಲು ಚೆಂದದ್ದು, ಅದನ್ನು ಯಾರೂ ಹತ್ತಿಕ್ಕಬಾರದು. ಆದರೆ ಇಂಥ ಯಾನದ ಯೋಜನೆ ಹೋಗುವವರ ತಲೆಯಲ್ಲಷ್ಟೇ ಇದ್ದರೆ ಸಾಲದು, ಅದು ಬರಹದಲ್ಲಿ ದಡದವರ ಕೈಯಲ್ಲಿಯೂ ಇರಬೇಕು. ಅದನ್ನು ಪಡೆದಿಟ್ಟುಕೊಳ್ಳುವ ಹೊಣೆಯನ್ನು ಬಂದರು ಇಲಾಖೆ ಮತ್ತು ಕರಾವಳಿ ಕಾವಲು ಪೊಲೀಸರು ವಹಿಸಿಕೊಳ್ಳಬೇಕೆಂಬುದು ನನ್ನ ವಿನಂತಿ.

ನೇತ್ರಾಣಿ ಮುರುಡೇಶ್ವರದ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿದಂತೆ, ಸುಮಾರು 19 ಕಿಲೋಮೀಟರ್, ಅಂದರೆ ಹತ್ತು ನಾಟಿಕಲ್ ಮೈಲು ದೂರದಲ್ಲಿದೆ. ಡೈವಿಂಗ್‌ಗೆ ಕರೆದೊಯ್ಯುವ ಯಂತ್ರದ ದೋಣಿಗೆ ಇದು ದೊಡ್ಡ ದೂರವಲ್ಲ. ಹದಿನೆಂಟು ಅಡಿಯ ಹಾಯಿದೋಣಿಗೆ, ಗಂಟೆಗೆ ಮೂರು ನಾಟಿಕಲ್ ಮೈಲಿನ ವೇಗ ಸಿಕ್ಕರೂ, ಮೂರು ಗಂಟೆಗೂ ಮೀರಿದ ದಾರಿ. ಗಾಳಿ ಎದುರಾದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಬೇಕಾಗುವುದರಿಂದ ದಾರಿ ಇನ್ನೂ ಉದ್ದವಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಕಡಲಿನಲ್ಲಿ ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಗಾಳಿ ಬೀಸುತ್ತದೆ, ಬಿಸಿಲೇರಿದಂತೆ ಅದು ಸತ್ತುಹೋಗುತ್ತದೆ. ಕೆಲಹೊತ್ತು ಎಲೆಯೂ ಅಲುಗದಂಥ ನಿಶ್ಚಲತೆ ಕವಿದು, ಮಧ್ಯಾಹ್ನದ ಹೊತ್ತಿಗೆ ಪಶ್ಚಿಮ, ವಾಯವ್ಯದಿಂದ ಕಡಲಗಾಳಿ ಎದ್ದು ಮೂರು ನಾಲ್ಕು ಗಂಟೆಗೆ ಬಿರುಸಾಗುತ್ತದೆ. ನಮ್ಮ ಹಿರಿಯ ಮೀನುಗಾರರು ಹಾಯಿ ಕಟ್ಟಿ ಮೀನಿಗೆ ಹೋಗುತ್ತಿದ್ದ ಕಾಲದಲ್ಲಿ ನಸುಕಿನ ಗಾಳಿಗೆ ಹೊರಟು ಮಧ್ಯಾಹ್ನದ ಗಾಳಿಗೆ ಮರಳುತ್ತಿದ್ದುದು ಈ ಲೆಕ್ಕದಿಂದಲೇ.

ಆದ್ದರಿಂದ ಎಂಟು ಗಂಟೆಗೆ ತಿಂಡಿ ಮುಗಿಸಿ ಹೊರಡುವವರಿಗೆ ನೇತ್ರಾಣಿ ದಕ್ಕುವುದಿಲ್ಲ. ಅವರು ಅರ್ಧ ದಾರಿಯಲ್ಲಿ ಗಾಳಿಯಿಲ್ಲದೆ ತೇಲುತ್ತ ಉಳಿದು, ಅನಂತರ ಎದುರುಗಾಳಿಯೊಂದಿಗೆ ಹೆಣಗಬೇಕಾಗುತ್ತದೆ. ಬೆಳಕು ಮೂಡುವ ಹೊತ್ತಿಗೇ ಹೊರಡಬೇಕು. ಬೆಳಿಗ್ಗೆ ಹತ್ತು ಗಂಟೆಯೊಳಗೆ ದ್ವೀಪ ಸಿಗದಿದ್ದರೆ, ಅದು ಕಣ್ಣೆದುರಿಗೇ ಕಾಣುತ್ತಿದ್ದರೂ, ದೋಣಿಯನ್ನು ಹಿಂದಕ್ಕೆ ತಿರುಗಿಸಬೇಕು. ಈ ಗಡುವನ್ನು ದಡದಲ್ಲಿಯೇ ಬರೆದಿಡಬೇಕು. ಕಡಲಲ್ಲಿ ಕುಳಿತು ತೀರ್ಮಾನಿಸಹೊರಟರೆ ಇನ್ನೊಂದು ಅರ್ಧ ಗಂಟೆ ನೋಡೋಣ ಎಂದೇ ಎಲ್ಲರೂ ಹೇಳುತ್ತಾರೆ.

ಮರಳುವ ದಾರಿಗೆ ಯೋಜನೆಯಲ್ಲಿ ಹೆಚ್ಚು ಜಾಗ ಕೊಡಬೇಕೆಂಬುದು ನನ್ನ ಅಭಿಪ್ರಾಯ. ವಾಯವ್ಯದ ಗಾಳಿ ದೋಣಿಯ ಎಡಮಗ್ಗುಲಿಗೆ ಬಡಿಯುತ್ತದೆ, ಅಲೆಯೂ ಅತ್ತಲಿಂದಲೇ ಬರುತ್ತದೆ, ದೋಣಿ ತಿಳಿಯದಂತೆಯೇ ದಕ್ಷಿಣಕ್ಕೆ, ಭಟ್ಕಳದ ಕಡೆಗೆ ಜರುಗುತ್ತ ಹೋಗುತ್ತದೆ. ಮುರುಡೇಶ್ವರದ 237 ಅಡಿಯ ಗೋಪುರ ಒಳ್ಳೆಯ ಗುರುತೇನೋ ಹೌದು. ಆದರೆ ಮಂಜು ಕವಿದ ದಿನ ಆ ಗೋಪುರವೂ ಕಾಣದು. ದಿಕ್ಸೂಚಿ ಇಟ್ಟುಕೊಂಡು, ಹೋಗುವ ಮತ್ತು ಬರುವ ದಿಕ್ಕಿನ ಡಿಗ್ರಿಗಳನ್ನು ಮೊದಲೇ ಬರೆದುಕೊಂಡವರು ಮೊಬೈಲಿನ ಬ್ಯಾಟರಿ ಮುಗಿದರೂ ದಾರಿ ತಪ್ಪುವುದಿಲ್ಲ. ಗಾಳಿ ಬಿರುಸಾಗುವ ಮೊದಲೇ ಹಾಯಿಯನ್ನು ಅರ್ಧ ಮಡಚಿ ಕಟ್ಟುವ ಅಭ್ಯಾಸವನ್ನು ದಡದ ಬಳಿಯೇ ಕೈಗೂಡಿಸಿಕೊಳ್ಳಬೇಕು.

ದ್ವೀಪ ತಲುಪಿದ ಮೇಲೆ ವಿಶ್ರಾಂತಿ ಪಡೆಯಬಹುದೆಂದು ಹಲವರು ಭಾವಿಸುತ್ತಾರೆ. ನೇತ್ರಾಣಿ ಕಡಿದಾದ ಬಂಡೆಯ ದ್ವೀಪ, ದೋಣಿ ಎಳೆದಿಡಲು ಮಲ್ಪೆ ಬೀಚಿನಂಥ ಮರಳು ಅಲ್ಲಿಲ್ಲ. ಸುತ್ತಲಿನ ನೀರಿನಡಿ ಹವಳವಿರುವುದರಿಂದ ಕಂಡಲ್ಲಿ ಲಂಗರು ಎಸೆಯುವುದು ಅಪಚಾರ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು. ಹೀಗಾಗಿ ಅನುಮತಿಯ ವಿಚಾರವನ್ನು ಬಂದರು ಕಚೇರಿಯಲ್ಲಿ ಮುಂಚಿತವಾಗಿ ಕೇಳಿ ತಿಳಿಯಬೇಕು. ಮೊದಲ ಬಾರಿ ಹೊರಡುವವರು ಮಲ್ಪೆಯಿಂದ ಆರೇಳು ಕಿಲೋಮೀಟರ್ ದೂರದ ಸೇಂಟ್ ಮೇರೀಸ್ ದ್ವೀಪದತ್ತ ಹೋಗಿಬರುವುದೇ ಮೇಲು.

ಸಲಕರಣೆಗಳ ಮಾತು ಬಂದರೆ ಎಲ್ಲರೂ ಲೈಫ್ ಜಾಕೆಟ್ಟಿನ ಹೆಸರು ಹೇಳುತ್ತಾರೆ, ಅದು ದೋಣಿಯ ತಳದಲ್ಲಿರದೆ ಮೈಮೇಲಿರಬೇಕು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ, ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 16 ಮಂದಿ ಜೀವ ಕಳೆದುಕೊಂಡದ್ದನ್ನು ನಾವು ಮರೆಯಬಾರದು. ಚುಕ್ಕಾಣಿಯನ್ನು ಹಿಡಿದಿಡುವ ಪಿನ್ನು, ಹಾಯಿಕಂಬದ ತಂತಿಗಳನ್ನು ಬಿಗಿದ ಕೊಂಡಿ ಇವುಗಳನ್ನು ಹೊರಡುವ ಹಿಂದಿನ ಸಂಜೆ ಬೆರಳಿಟ್ಟು ತಿರುಗಿಸಿ ನೋಡಬೇಕು. ಉಪ್ಪುನೀರಿಗೆ ತುಕ್ಕು ತಿಂದ ಅಂಥದೊಂದು ಕೊಂಡಿ ತುಂಡಾದರೆ ಇಡೀ ಕಂಬ ನೀರಿಗೆ ಬೀಳುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಪ್ರಕಟಿಸುವ ಅಲೆ ಮತ್ತು ಗಾಳಿಯ ಮುನ್ಸೂಚನೆಯನ್ನು ಮೂರು ದಿನ ಮೊದಲಿನಿಂದಲೇ ನೋಡುತ್ತ ಬರಬೇಕು. ದೂರದ ಚಂಡಮಾರುತದ ಉಬ್ಬಲೆ ಗಾಳಿಯಿಲ್ಲದ ದಿನವೂ ನಮ್ಮ ದಡಕ್ಕೆ ಬಂದು ಅಪ್ಪಳಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಅವಘಡ ಆಗಲಾರದೆಂದು ಹೇಳುವಂತಿಲ್ಲ, ಆಗ ಬೇಕಾಗುವುದು ದಡದಲ್ಲಿರುವ ಮಾಹಿತಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯೊಂದಿಗೆ ಹೊರಟ ಸುವರ್ಣ ತ್ರಿಭುಜ ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿ ಪತ್ತೆಯಾಗಲು 2019ರ ಮೇ ತಿಂಗಳವರೆಗೆ ಕಾಯಬೇಕಾಯಿತು. ದೊಡ್ಡ ಮೀನುಗಾರಿಕಾ ಬೋಟಿನ ಗತಿಯೇ ಹೀಗಿರುವಾಗ, ಮಗುಚಿ ಬಿದ್ದ ಬಿಳಿ ದೋಣಿಯೊಂದನ್ನು ನೊರೆಯೇಳುವ ಅಲೆಗಳ ನಡುವೆ ಹುಡುಕುವವರಿಗೆ ಅದು ಎಲ್ಲಿಂದ, ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಹೊರಟಿತ್ತೆಂಬುದಾದರೂ ತಿಳಿದಿರಬೇಡವೇ? ಉಪಗ್ರಹಕ್ಕೆ ಅಪಾಯದ ಸಂಕೇತ ಕಳಿಸುವ ಸಾಧನಗಳಿವೆ, ಆ ಸಂಕೇತವನ್ನು ಸ್ವೀಕರಿಸುವ ಇಸ್ರೋ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಆದರೆ ಸಣ್ಣ ದೋಣಿಯ ಹವ್ಯಾಸಿಗಳೆಲ್ಲರ ಬಳಿ ಅವು ಇರುವುದಿಲ್ಲ, ಒಂದು ಹಾಳೆ ಕಾಗದ ಎಲ್ಲರಿಗೂ ಸಿಗುತ್ತದೆ.

ಮುರುಡೇಶ್ವರ, ಮಲ್ಪೆ, ಹೊನ್ನಾವರ, ತದಡಿಗಳಲ್ಲಿ ಒಂದೊಂದು ದಾಖಲೆ ಪುಸ್ತಕವಿಡುವಂತೆ ಸಂಬಂಧಪಟ್ಟ ಅಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ದೋಣಿಯ ಮತ್ತು ಹಾಯಿಯ ಬಣ್ಣ, ಇರುವವರ ಹೆಸರು, ಹೋಗುವ ದಾರಿ, ಮರಳುವ ಹೊತ್ತು ಇವಿಷ್ಟು ಕನ್ನಡದಲ್ಲಿ ತುಂಬಲು ಅದರಲ್ಲಿ ಜಾಗವಿರಲಿ. ಮರಳುವ ಹೊತ್ತು ಮೀರಿ ಎಷ್ಟು ಸಮಯದ ನಂತರ ಕರಾವಳಿ ರಕ್ಷಣಾ ಪಡೆಯ 1554 ಅಥವಾ ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗೆ ಕರೆ ಮಾಡಬೇಕು, ಆ ಕರೆ ಮಾಡುವ ಹೊಣೆ ಯಾವ ಸಿಬ್ಬಂದಿಯದು ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಮರಳಿದವರು ಸಹಿ ಮಾಡಿ ಹೋಗುವುದನ್ನು ಕಡ್ಡಾಯಗೊಳಿಸಬೇಕು, ಇಲ್ಲವಾದರೆ ಮನೆ ಸೇರಿ ಮಲಗಿದವರನ್ನು ಪಡೆಯವರು ರಾತ್ರಿಯಿಡೀ ಕಡಲಲ್ಲಿ ಹುಡುಕಬೇಕಾದೀತು.

ಇತಿ,
ಕಡಲಯಾನಾಸಕ್ತ ಓದುಗ, ಭಟ್ಕಳ ತಾಲೂಕು