ಹರಿಹರಕ್ಕೆ ಹೋದ ಹಾಗಲ್ಲ ಅಮ್ಮ

ನೈರೋಬಿ,
ಭಾನುವಾರ

ಅಮ್ಮನಿಗೆ ನಮಸ್ಕಾರ.

ನಾನು ಆರಾಮಿದ್ದೇನೆ. ಮೊನ್ನೆ ಫೋನ್ ಸಿಗಲಿಲ್ಲ ಅಂತ ನೀನು ರಾತ್ರಿಯಿಡೀ ನಿದ್ದೆಗೆಟ್ಟೆಯಂತೆ, ಪುಟ್ಟಿ ಹೇಳಿದಳು. "ಲಾಗೋಸೂ ಆಫ್ರಿಕಾದಲ್ಲೇ ಇದೆ ಅಲ್ವಾ, ನೈರೋಬಿಗೆ ಬರೋಕೆ ಒಂದು ದಿನ ಬೇಕಾ?" ಅಂತ ಬೇರೆ ಕೇಳಿದೆಯಂತೆ. ಇದು ದಾವಣಗೆರೆಯಿಂದ ಹರಿಹರಕ್ಕೆ ಹೋದ ಹಾಗಲ್ಲ ಅಮ್ಮ. ನೈರೋಬಿ ಇರೋದು ಪೂರ್ವದ ಕೀನ್ಯಾದಲ್ಲಿ, ಲಾಗೋಸ್ ಪಶ್ಚಿಮದ ನೈಜೀರಿಯಾದಲ್ಲಿ. ವಿಮಾನದ ದಾರಿಯಲ್ಲೇ ಸುಮಾರು 3,800 ಕಿಲೋಮೀಟರ್. ಬೆಂಗಳೂರಿಂದ ದೆಹಲಿಗೆ ಹಾರಿ ವಾಪಸ್ ಬಂದರೂ ಇನ್ನೂ ಸ್ವಲ್ಪ ದೂರ ಬಾಕಿ ಉಳಿಯುತ್ತದೆ.

ಲಾಗೋಸ್‌ಗೆ ಹೋಗುವಾಗ ಬೆಳಗ್ಗೆ 7ಕ್ಕೆ ನೇರ ವಿಮಾನ ಇತ್ತು. ಟ್ಯಾಕ್ಸಿಯವನಿಗೆ ಬೆಳಗಿನ ಜಾವ 4ಕ್ಕೆ ಬಾ ಅಂದರೆ, "ಸಾ ಕುಮಿ" ಅಂತ ತಲೆಯಾಡಿಸಿದ. ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಸಾ ಅಂದರೆ ಗಂಟೆ, ಕುಮಿ ಅಂದರೆ ಹತ್ತು. ನನ್ನ ಎದೆ ಧಸಕ್ಕಂದಿತು. ಆಮೇಲೆ ಅವನೇ ಬೆರಳು ಮಡಿಸಿ ಬಿಡಿಸಿ ಹೇಳಿದ: ಇಲ್ಲಿ ಗಂಟೆ ಎಣಿಸೋದು ಹೊತ್ತು ಹುಟ್ಟಿದ ಮೇಲೆ, ಹೊತ್ತು ಮುಳುಗಿದ ಮೇಲೆ. ನಮ್ಮ ಏಳು ಇವರಿಗೆ ಒಂದು. ಸಂಜೆ ಆರರಿಂದ ಎಣಿಸಿದರೆ ಬೆಳಗಿನ ಜಾವ ನಾಲ್ಕಕ್ಕೆ ಹತ್ತು ಗಂಟೆಯಾಗುತ್ತದೆ! ಭೂಮಧ್ಯ ರೇಖೆ ಪಕ್ಕದಲ್ಲೇ ಇರೋದರಿಂದ ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಮ್ಮಿ ಒಂದೇ ಸಮ, ಹಾಗಾಗಿ ಈ ಲೆಕ್ಕ ತಪ್ಪೋದಿಲ್ಲ. ಸರಿಯಾದ ಹೊತ್ತಿಗೆ ಬಂದ, ಪಾಪ.

ಹೊರಟು ಸ್ವಲ್ಪ ಹೊತ್ತಿಗೆ ವಿಕ್ಟೋರಿಯಾ ಸರೋವರ ಬಂತು. ಸರೋವರ ಅಂತ ಸುಮ್ನೆ ಹೆಸರಿಗೆ, ಹೆಚ್ಚುಕಮ್ಮಿ ನಮ್ಮ ಕರ್ನಾಟಕದ ಮೂರರಲ್ಲಿ ಒಂದು ಪಾಲಿನಷ್ಟಿದೆ. ಆಮೇಲೆ ಕಾಂಗೋ ಕಾಡು. ಒಂದು ನಿದ್ದೆ ಮುಗಿಸಿ ನೋಡಿದರೂ ಕೆಳಗೆ ಅದೇ ಹಸಿರು. ಐದೂಕಾಲು ಗಂಟೆ ಹಾರಿ ಇಳಿದರೆ ಅಲ್ಲಿನ ಗಡಿಯಾರದಲ್ಲಿ ಇನ್ನೂ ಹತ್ತೂಕಾಲು. ಲಾಗೋಸ್ ನೈರೋಬಿಗಿಂತ ಎರಡು ಗಂಟೆ ಹಿಂದೆ. ಬಿಟ್ಟಿಯಾಗಿ ಸಿಕ್ಕ ಆ ಎರಡು ಗಂಟೆ ವಿಮಾನ ನಿಲ್ದಾಣದಿಂದ ಊರೊಳಗೆ ಹೋಗೋ ಟ್ರಾಫಿಕ್‌ಗೆ ಸರಿಹೋಯಿತು.

ಬರುವಾಗಲೇ ಪೇಚಾಟ. ಆ ದಿನ ನೇರ ವಿಮಾನ ಇರಲಿಲ್ಲ, ಇಥಿಯೋಪಿಯಾದ ಅಡಿಸ್ ಅಬಾಬ ಮೇಲೆ ಬರಬೇಕಾಯಿತು. ನಕ್ಷೆ ಸಿಕ್ಕರೆ ನೋಡು. ಅಡಿಸ್ ಇರೋದು ನೈರೋಬಿಯಿಂದ ಉತ್ತರಕ್ಕೆ. ಲಾಗೋಸ್‌ನಿಂದ ಅಲ್ಲಿಗೆ 3,900 ಕಿಲೋಮೀಟರ್, ನೇರ ನೈರೋಬಿಗೆ ಬರೋದಕ್ಕಿಂತ ಜಾಸ್ತಿ! ಅಲ್ಲಿಂದ ಮತ್ತೆ ಕೆಳಗೆ 1,160. ನಡುವೆ ರಾತ್ರಿ ಐದು ಗಂಟೆ ಕಾಯೋದು. ಫೋನಿನ ಚಾರ್ಜ್ ಹೋಗಿತ್ತು, ಚಾರ್ಜರ್ ಲಗೇಜಿನಲ್ಲಿತ್ತು. ನನ್ನದೇ ತಪ್ಪು. ನೀನು ಕಳಿಸಿದ ಶೇಂಗಾ ಚಟ್ನಿಪುಡಿ ಮಾತ್ರ ಕೈಚೀಲದಲ್ಲಿತ್ತು. ಬ್ರೆಡ್ ಜೊತೆ ಅದನ್ನೇ ತಿಂದೆ. ಪಕ್ಕದಲ್ಲಿದ್ದ ಅಜ್ಜಿಗೂ ಒಂದು ಚಮಚ ಕೊಟ್ಟೆ, ಖಾರ ಅನ್ನಲೇ ಇಲ್ಲ.

ಮುಂದಿನ ತಿಂಗಳು ಮತ್ತೆ ಲಾಗೋಸ್‌ಗೆ ಹೋಗಬೇಕು. ಅಲ್ಲಿದ್ದಾಗ ಬೆಳಗ್ಗೆ ಎಂಟಕ್ಕೆ ಫೋನ್ ಮಾಡಬೇಡ. ನಿನಗೆ ಎಂಟಾದಾಗ ನನಗೆ ಇನ್ನೂ ಮೂರೂವರೆ. ಊಟಕ್ಕೆ ಎಲೆ ಹಾಕೋ ಹೊತ್ತಿಗೆ ಮಾಡು, ಸಾಕು. ಅಪ್ಪನಿಗೂ ಇದನ್ನು ಓದಿ ಹೇಳು. ಚಟ್ನಿಪುಡಿ ಮುಗಿಯಿತು.

ನಿನ್ನ ಮಗ