ಭಾನುವಾರದ ಓದು: ಸಮಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಇದ್ದ ಓದು 4 ಗಂಟೆಗೇ ಶುರುವಾಗುತ್ತದೆ. ಜಾಗ ಅದೇ, ಮಹಡಿ ಮೇಲಿನ ಕೋಣೆ. ವಿಷಯ: ಪ್ರೇಮ ಕವಿತೆಯಲ್ಲಿ ಹತಾಶೆ ಮತ್ತು ಭರವಸೆ.

ಮೊದಲು 12ನೇ ಶತಮಾನದ ಅಕ್ಕಮಹಾದೇವಿಯ ‘ಅಳಿಸಂಕುಲವೇ ಮಾಮರವೇ’ ವಚನ. ದುಂಬಿ, ಮಾವಿನ ಮರ, ಬೆಳದಿಂಗಳು, ಕೋಗಿಲೆ, ಎಲ್ಲವನ್ನೂ ಕರೆದು, ಚೆನ್ನಮಲ್ಲಿಕಾರ್ಜುನನನ್ನು ಕಂಡರೆ ತೋರಿಸಿ ಅಂತ ಅಕ್ಕ ಬೇಡುತ್ತಾಳೆ. ಕೇಳೋಣ ಅಂದರೆ ಮನುಷ್ಯರೇ ಇಲ್ಲ ಅನ್ನುವಂಥ ಸಂಕಟ. ಆದರೂ ‘ಕಂಡಡೆ’ ಅನ್ನುತ್ತಾಳಲ್ಲ, ಅಲ್ಲಿ ಆಸೆ ಇನ್ನೂ ಬಿಟ್ಟಿಲ್ಲ, ಅಲ್ವಾ? ಆ ಪದದ ಹತ್ತಿರ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆಮೇಲೆ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’. ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಯ ನೋವು ಅದು. ಹಾಡುವುದು ಬೇಡ, ನಿಧಾನವಾಗಿ ಓದೋಣ.

ಜೋರಾಗಿ ಓದಲು ಇಬ್ಬರು ಬೇಕು, ದಯವಿಟ್ಟು ಮುಂದೆ ಬನ್ನಿ. ಜೆರಾಕ್ಸ್ ನಾನೇ ಮಾಡಿಸುತ್ತೇನೆ. ಎಷ್ಟು ಪ್ರತಿ ಬೇಕು ಅಂತ ಗೊತ್ತಾಗಬೇಕು, ಹಾಗಾಗಿ ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಗೆಳೆಯರನ್ನು ಕರೆತಂದರೆ ಇನ್ನೂ ಖುಷಿ.